ರಕ್ತದಲ್ಲಿ ಉಳಿದ ನೆನಪು

ಭಯಾನಕವೂ ಬೀಭತ್ಸವೂ ಒಂದೇ ಅಲ್ಲವೆಂದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ತೀರ್ಮಾನಿಸಿದ್ದಾರೆ. ಒಂದರ ಸ್ಥಾಯಿಭಾವ ಭಯ, ಇನ್ನೊಂದರದು ಜುಗುಪ್ಸೆ. ಲೆನ್ ವೈಸ್‌ಮನ್ ನಿರ್ದೇಶಿಸಿದ, 2006ರಲ್ಲಿ ತೆರೆಗೆ ಬಂದ ‘ಅಂಡರ್‌ವರ್ಲ್ಡ್: ಎವಲ್ಯೂಷನ್’ ಎಂಬ ಹಾಲಿವುಡ್ ಚಿತ್ರವನ್ನು ನೋಡುವಾಗ ಈ ಹಳೆಯ ಭೇದ ನನಗೆ ಮತ್ತೆ ಮತ್ತೆ ನೆನಪಾಯಿತು.

2003ರ ‘ಅಂಡರ್‌ವರ್ಲ್ಡ್’ ನಿಂತಲ್ಲಿಂದ ಇದರ ಕಥೆ ಮುಂದುವರಿಯುತ್ತದೆ. ರಕ್ತ ಕುಡಿದು ಬಾಳುವ ವ್ಯಾಂಪೈರ್‌ಗಳಿಗೂ ತೋಳಮಾನವರಿಗೂ ಶತಮಾನಗಳ ಹಗೆ. ವ್ಯಾಂಪೈರ್ ಯೋಧೆ ಸೆಲೀನ್ ತನ್ನನ್ನು ಸಾಕಿದ ಒಡೆಯ ವಿಕ್ಟರನನ್ನು ಕೊಂದು, ಎರಡೂ ಕುಲದ ರಕ್ತ ಬೆರೆತ ಮೈಕೇಲನೊಡನೆ ತಲೆಮರೆಸಿಕೊಂಡಿದ್ದಾಳೆ. ಬೆನ್ನಟ್ಟುವವನು ವ್ಯಾಂಪೈರ್‌ಗಳ ಮೂಲಪುರುಷ ಮಾರ್ಕಸ್. ಸೆರೆಯಲ್ಲಿರುವ ತನ್ನ ಅವಳಿ ಸೋದರ, ಮೊದಲ ತೋಳಮಾನವ ವಿಲಿಯಮ್‌ನನ್ನು ಬಿಡಿಸುವುದೇ ಅವನ ಹಟ.

1202ನೆಯ ಇಸವಿಯಲ್ಲಿ ನಡೆಯುವ ಮೊದಲ ದೃಶ್ಯ ನಿಜವಾಗಿಯೂ ಅಂಜಿಸುತ್ತದೆ. ಹಾಳುಬಿದ್ದ ಹಳ್ಳಿ, ಸತ್ತ ಊರವರೇ ತೋಳಗಳಾಗಿ ಮೇಲೇಳುತ್ತಾರೆ. ಆಮೇಲೆ ಸಾಮಾನ್ಯ ಮನುಷ್ಯರು ಕಥೆಯಿಂದ ಹೆಚ್ಚುಕಡಿಮೆ ಮಾಯವಾಗುತ್ತಾರೆ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಕಾದಂಬರಿಯು ಒಬ್ಬ ವಕೀಲ, ಒಬ್ಬ ಉಪಾಧ್ಯಾಯಿನಿ, ಒಬ್ಬ ವೈದ್ಯ, ಇಂಥವರ ದಿನಚರಿಗಳಿಂದ ಹೆಣೆದದ್ದು; ಅವರ ಅಳುಕು ನಮ್ಮದೂ ಆಗುತ್ತದೆ. ಇಲ್ಲಿ ಸಾವಿಲ್ಲದವರು ಸಾವಿಲ್ಲದವರೊಡನೆ ಬಡಿದಾಡುತ್ತಿದ್ದರೆ ನಾವು ಯಾರಿಗಾಗಿ ಹೆದರಬೇಕು? ಗುಂಡಿನ ಸುರಿಮಳೆ, ಸೀಳಿದ ದವಡೆ, ಹೆಲಿಕಾಪ್ಟರಿನ ರೆಕ್ಕೆಗೆ ಸಿಕ್ಕಿ ಚೂರಾಗುವ ದೇಹ. ಇದು ಬೀಭತ್ಸ, ಅದೂ ಬೇಸರ ತರಿಸುವಷ್ಟು.

ಆದರೂ ಚಿತ್ರವನ್ನು ತಳ್ಳಿಹಾಕಲು ಮನಸ್ಸು ಬಾರದು. ಅದರ ಒಡಲಲ್ಲಿ ಒಂದು ದೊಡ್ಡ ಕಲ್ಪನೆಯಿದೆ: ಒಬ್ಬರ ರಕ್ತ ಕುಡಿದವರಿಗೆ ಅವರ ನೆನಪುಗಳೂ ದಕ್ಕುತ್ತವೆ. ವಿಲಿಯಮ್‌ನ ಸೆರೆಮನೆಯನ್ನು ಕಟ್ಟಿದವನು ಸೆಲೀನಳ ತಂದೆ. ಆ ಗುಟ್ಟು ಹೊರಬೀಳದಿರಲೆಂದೇ ವಿಕ್ಟರ್ ಅವಳ ಮನೆಮಂದಿಯನ್ನೆಲ್ಲ ಕೊಂದ. ಬಾಲ್ಯದಲ್ಲಿ ಕಂಡ ಆ ಜಾಗದ ನೆನಪನ್ನು ಅವಳು ಅರಿಯದೆಯೇ ಹೊತ್ತು ತಿರುಗುತ್ತಿದ್ದಾಳೆ. ಇತ್ತ, ಕುಲದ ಅಧಿಕೃತ ಚರಿತ್ರಕಾರ ಟಾನಿಸ್ ಸುಳ್ಳು ಬರೆದನೆಂಬ ಆರೋಪದ ಮೇಲೆ ಬಂದಿಯಾಗಿದ್ದಾನೆ. ಅವನನ್ನು ಅಲ್ಲಿಗೆ ಅಟ್ಟಿದವಳು ಇದೇ ಸೆಲೀನ್! ಒಡೆಯರು ಬರೆಸಿದ ಚರಿತ್ರೆ ಸುಳ್ಳು, ರಕ್ತದಲ್ಲಿ ಉಳಿದದ್ದು ದಿಟ. ಇಷ್ಟು ಸಾಮಗ್ರಿ ಕೈಯಲ್ಲಿದ್ದೂ ನಿರ್ದೇಶಕರು ಟಾನಿಸ್‌ನಿಗೆ ಕೊಟ್ಟಿರುವುದು ಕೆಲವೇ ನಿಮಿಷ. ಬಂದೂಕಿಗೆ ಇದ್ದಷ್ಟು ಬಿಡುವು ಮಾತಿಗಿಲ್ಲ.

ಅವಳಿಗಳ ತಂದೆ ಅಲೆಕ್ಸಾಂಡರ್ ಕಾರ್ವಿನಸ್‌ನ ಪಾತ್ರದಲ್ಲಿ ಡೆರೆಕ್ ಜಾಕೊಬಿ ಬಂದಾಗ ಮಾತ್ರ ಚಿತ್ರ ಉಸಿರಾಡುತ್ತದೆ. ಶತಮಾನಗಳಿಂದ ಮಕ್ಕಳ ಕಾಳಗದ ಕೊಳೆಯನ್ನು ತೊಳೆಯುತ್ತ, ಅವರನ್ನು ಕೊಲ್ಲಲೂ ಆರದೆ ತಡೆಯಲೂ ಆರದೆ ಕುಳಿತ ಮುದುಕ. ನನಗೆ ಕಂಡದ್ದು ಧೃತರಾಷ್ಟ್ರನೇ. ಇವನಿಗೆ ಕಣ್ಣಿದೆ ಎಂಬುದೊಂದೇ ಭೇದ. ಜಾಕೊಬಿ ದನಿಯೇರಿಸದೆ, ಬರಿಯ ಆಯಾಸದಿಂದ ಕರುಣವನ್ನು ತಂದಿದ್ದಾರೆ. ನಾಯಕಿ ಕೇಟ್ ಬೆಕಿನ್‌ಸೇಲ್‌ರದು ಚುರುಕಾದ ಅಂಗಚಲನೆ. ಭಾವಕ್ಕೆ ಅವಕಾಶ ಕಡಮೆ.

ಸಾಯುವ ಮುನ್ನ ಆ ಮುದುಕ ತನ್ನ ರಕ್ತವನ್ನು ಸೆಲೀನಳಿಗೆ ಕುಡಿಸುತ್ತಾನೆ. ಅದರ ಫಲವಾಗಿ ಕೊನೆಯಲ್ಲಿ ಬಿಸಿಲು ಅವಳನ್ನು ಸುಡುವುದಿಲ್ಲ. ಸ್ಟೋಕರನ ಡ್ರಾಕುಲಾ ಹಗಲಲ್ಲೂ ತಿರುಗಾಡಬಲ್ಲ; ಬಿಸಿಲಿಗೆ ಸಾಯುವ ಕಟ್ಟಳೆ ಹಬ್ಬಿದ್ದು ಮುರ್ನೋನ 1922ರ ಮೂಕಚಿತ್ರ ‘ನೊಸ್ಫೆರಾಟು’ವಿನಿಂದ. ಸಿನಿಮಾ ಹಾಕಿದ ಗಂಟನ್ನು ಸಿನಿಮಾವೇ ಇಲ್ಲಿ ಬಿಚ್ಚಿದೆ. ಇಷ್ಟೆಲ್ಲ ಗುಂಡಿನ ಸದ್ದಿನ ಬಳಿಕ, ಬೆಳಕಿಗೊಡ್ಡಿದ ತನ್ನ ಕೈಯನ್ನು ಅವಳು ಬೆರಗಿನಿಂದ ನೋಡಿಕೊಳ್ಳುತ್ತಾಳೆ.