ಲಗಾಮಿಗೆ ಜಿ ಇಲ್ಲ

ಈ ವಾರ ‘ಜಸ್ಟ್ ಡಿಸರ್ಟ್ಸ್’ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ‘ಫ್ರೀ ರೇನ್’ ನಡುವೆ ಜಿ ತುರುಕಿದ ಇಮೇಲ್ ಮತ್ತೊಂದು ಬಂತು. ಹಾಗಾಗಿ ಮೊದಲು ಕುದುರೆ.

ಆರ್-ಇ-ಐ-ಜಿ-ಎನ್ ಎಂದರೆ ಆಳ್ವಿಕೆ. ಜಿ ಇಲ್ಲದ್ದು ಲಗಾಮು. ಕುದುರೆಯ ಲಗಾಮು ಸಡಿಲಬಿಟ್ಟು, ಹೋಗು ನಿನ್ನಿಷ್ಟ ಎನ್ನುವುದೇ ಫ್ರೀ ರೇನ್. ಆಳುವವನಿಗೆ ಎಲ್ಲ ಸ್ವಾತಂತ್ರ್ಯವೂ ಇರುತ್ತದಲ್ಲ ಎಂದು ಹೇಗೋ ಅರ್ಥ ಹೊಂದಿಸಬಹುದಾದ್ದರಿಂದ ತಪ್ಪು ತಪ್ಪೆಂದೇ ಕಾಣುವುದಿಲ್ಲ. ಎರಡೂ ನಿಘಂಟಿನ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಕೂಡ ಎಷ್ಟೋ ಸಲ ಸುಮ್ಮನಿರುತ್ತದೆ. ಹೆಸರಿನೊಳಗೆ ಜಿ-ಎಚ್ ಎರಡನ್ನೂ ಬಾಯಿ ಮುಚ್ಚಿಸಿ ಕೂರಿಸಿರುವ, ಟೊರಾಂಟೊ ಪಕ್ಕದ ನಮ್ಮ ವಾನ್ (Vaughan) ಊರಿನವರಿಗೆ ಮೂಕ ಜಿ ಮೇಲೆ ಸ್ವಲ್ಪ ಸಲುಗೆ ಹೆಚ್ಚೇ ಇರಬೇಕು. ಆದರೆ ‘ಅಧಿಕಾರಿಗಳಿಗೆ ಲಗಾಮು ಹಾಕಿ’ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದಿ ಬೆಳೆದ ಕನ್ನಡಿಗರು ಇಲ್ಲಿ ಎಡವಬಾರದು.

ವಾರಾಂತ್ಯದ ಟ್ಯೂಷನ್‌ಗಳ ಮೇಲೆ ನನಗೆ ಸಿಟ್ಟು. ಒಂದೇ ಉಚ್ಚಾರದ ಪದಗಳ ಜೋಡಿಪಟ್ಟಿ ಕೊಟ್ಟು ಉರು ಹೊಡೆಸುತ್ತಾರೆ. ಮಗು ಶನಿವಾರದ ಪರೀಕ್ಷೆಯಲ್ಲಿ ಎರಡನ್ನೂ ಸರಿಯಾಗಿ ಬರೆದು ಸೋಮವಾರ ಅದಲುಬದಲು ಮಾಡುತ್ತದೆ. ಪಟ್ಟಿ ಬಿಸಾಡಿ, ಕುದುರೆ ತೋರಿಸಿ. ನಮ್ಮ ಉತ್ತರಕ್ಕೇ ಇರುವ ಕಿಂಗ್ ಟೌನ್‌ಶಿಪ್‌ನಲ್ಲಿ ಕುದುರೆ ಫಾರ್ಮುಗಳಿವೆ. ಇನ್ನೂ ಒಳ್ಳೆಯದೆಂದರೆ ಟೊರಾಂಟೊದ ವುಡ್‌ಬೈನ್ ರೇಸ್‌ಕೋರ್ಸ್. ಅಲ್ಲಿ ಕಿಂಗ್ಸ್ ಪ್ಲೇಟ್ ಓಡುತ್ತದೆ: ಕೆನಡಾದಲ್ಲೇ ಹುಟ್ಟಿದ ಮೂರು ವರ್ಷದ ಕುದುರೆಗಳು, ಒಂದೂಕಾಲು ಮೈಲಿ. 1860ರಲ್ಲಿ, ವಿಕ್ಟೋರಿಯಾ ಕಾಲದಲ್ಲಿ, ಕ್ವೀನ್ಸ್ ಪ್ಲೇಟ್ ಎಂದು ಶುರುವಾದ ಪಂದ್ಯ ಇದು. ಸಿಂಹಾಸನಕ್ಕೆ ರಾಜ ಬಂದರೆ ಕಿಂಗ್ಸ್, ರಾಣಿ ಬಂದರೆ ಮತ್ತೆ ಕ್ವೀನ್ಸ್. ಎಲಿಜಬೆತ್ ತೀರಿಕೊಂಡ ಮೇಲೆ 2023ರಿಂದ ಚಾರ್ಲ್ಸ್‌ಗಾಗಿ ಪುನಃ ಕಿಂಗ್ಸ್. ಅಂದರೆ ಬದಲಾಗುತ್ತ ಬಂದದ್ದು ಜಿ ಇರುವ ರೇನ್. ಜಾಕಿಯ ಕೈಯಲ್ಲಿರುವುದು 1860ರಿಂದಲೂ ಜಿ ಇಲ್ಲದ್ದು. ಇದಕ್ಕಿಂತ ಒಳ್ಳೆಯ ಸ್ಪೆಲ್ಲಿಂಗ್ ಪಾಠವನ್ನು ಯಾವ ಟ್ಯೂಷನ್ನೂ ಕೊಡಲಾರದು.

‘ಬೇಟೆಡ್ ಬ್ರೆತ್’ ಕೂಡ ಇದೇ ಜಾತಿ. ಅದರಲ್ಲಿ ಐ ಸೇರಿಸಿದರೆ ಉಸಿರಿಗೆ ಗಾಳದ ಹುಳು ಸಿಕ್ಕಿಸಿದಂತೆ. ಸರಿಯಾದದ್ದು ‘ಅಬೇಟೆಡ್’ನ ತಲೆ ಹಾರಿಸಿದ ರೂಪ, ತಗ್ಗಿಸಿದ ಉಸಿರು. ‘ಮರ್ಚೆಂಟ್ ಆಫ್ ವೆನಿಸ್’ನ ಮೊದಲ ಅಂಕದಲ್ಲಿ ಇದು ಶೈಲಾಕ್‌ನ ಬಾಯಲ್ಲಿ ಬರುತ್ತದೆ. ತನ್ನ ಮೇಲೆ ಉಗುಳಿದ ಆಂಟೋನಿಯೋನೇ ಈಗ ಸಾಲ ಕೇಳಿಕೊಂಡು ಬಂದಿದ್ದಾನೆ. ಅವನೆದುರು ಜೀತದಾಳಿನ ಹಾಗೆ ಬಗ್ಗಬೇಕೇ ಎಂದು ಶೈಲಾಕ್ ಕುದಿಯುತ್ತಾನೆ. ಅಲ್ಲಿ ಉಸಿರು ತಗ್ಗುವುದು ಕಾತರದಿಂದಲ್ಲ, ಅಂಜಿಕೆಯಿಂದ. ಆ ಅಂಜಿಕೆಯನ್ನೇ ಆತ ಹಂಗಿಸುತ್ತಿದ್ದಾನೆ. ಈಗ ಆ ಕಹಿಯೆಲ್ಲ ಸೋರಿಹೋಗಿ, 1967ರ ನಂತರ ಸ್ಟಾನ್ಲಿ ಕಪ್ ಕಾಣದ ಹಾಕಿ ತಂಡ ಮೇಪಲ್ ಲೀಫ್ಸ್‌ಗಾಗಿ ಕಾಯುವವರ ಮಾತಾಗಿದೆ.

ಇನ್ನು ಕೊಟ್ಟ ಮಾತು. ಡಿಸರ್ಟ್ಸ್ ‘ಡಿಸರ್ವ್’ನ ನಂಟ, ಸಲ್ಲಬೇಕಾದದ್ದು ಎಂದರ್ಥ, ನಡುವೆ ಒಂದೇ ಎಸ್. ಇಲ್ಲಿ ಮಾತ್ರ ನಮ್ಮನ್ನು ದಾರಿ ತಪ್ಪಿಸುವುದು ಕನ್ನಡವೇ. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಕೇಳುತ್ತ ಬೆಳೆದವರು ನಾವು. ಆ ಹೆಸರಿನಲ್ಲಿ ಎಂ.ಎಸ್. ಪುಟ್ಟಣ್ಣನವರ 1915ರ ಕಾದಂಬರಿಯೇ ಇದೆ. ಕರ್ಮಫಲವನ್ನು ಎಲೆಗೆ ಬಡಿಸುವ ಜನಕ್ಕೆ ಎರಡು ಎಸ್ ಹಾಕಿ ಊಟದ ಕೊನೆಯ ಸಿಹಿ ಮಾಡಿದರೂ ಸರಿಯಾಗಿಯೇ ಕಾಣುತ್ತದೆ. ಕಂಡರೂ ಹಾಕಬೇಡಿ. ಎಸ್ ಒಂದೇ.