ಖಾಲಿ ಲೇನಿನ ಲೆಕ್ಕ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಜಕ್ಕೂರು, ಯಲಹಂಕ, ಥಣಿಸಂದ್ರದ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸ್ವಿಮ್ ಮೀಟ್‌ಗಳ ಪೋಸ್ಟರ್ ಹರಿದಾಡತೊಡಗುತ್ತವೆ. ವಯಸ್ಸಿನ ಗುಂಪು, ಸ್ಟ್ರೋಕ್, ದೂರ, ದುಡ್ಡು ಹಾಕಲು ಕ್ಯೂಆರ್ ಕೋಡ್, ಕಟ್ಟಕಡೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ವಾಪಸ್ ಇಲ್ಲ. ಕರ್ನಾಟಕ ಈಜು ಸಂಸ್ಥೆಯ ರಾಜ್ಯ ಮಟ್ಟದ ಕೂಟಗಳಿಗಿರುವಂತೆ ಈ ಮೀಟ್‌ಗಳಿಗೆ ಪಳಗಿದ ಅಧಿಕಾರಿಗಳ ಪಡೆ ಇರುವುದಿಲ್ಲ. ಸ್ಟಾಪ್‌ವಾಚ್ ಹಿಡಿಯುವವರು, ಹೆಸರು ಕೂಗುವವರು, ಲೆಕ್ಕ ಬರೆಯುವವರು ಎಲ್ಲರೂ ಯಾವುದಾದರೂ ಮಗುವಿನ ಅಪ್ಪ ಅಮ್ಮಂದಿರೇ. ಲಾಭದಾಸೆ ಇಲ್ಲದೆ ಭಾನುವಾರವನ್ನು ಧಾರೆ ಎರೆಯುವ ಇವರ ಮೇಲೆ ಗೂಬೆ ಕೂರಿಸುವುದು ಸಲ್ಲ. ಆದರೆ ಆ ಒಂದು ಸಾಲಿನಿಂದ ಹೆಚ್ಚು ಕಷ್ಟಪಡುವವರು ದುಡ್ಡು ಕಟ್ಟಿದವರಿಗಿಂತ ಅದನ್ನು ಬರೆದವರೇ ಎಂಬುದು ನನ್ನ ವಾದ.

ಹೇಗೆಂದು ನೋಡೋಣ. ಆರು ಲೇನ್‌ಗಳ ಕೊಳ. ಹತ್ತು ವರ್ಷದೊಳಗಿನ ಹುಡುಗರ 50 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ಗೆ ಏಳು ಹೆಸರು ಬಂದಿವೆ ಎಂದಿಟ್ಟುಕೊಳ್ಳಿ. ಆರು ಜನರನ್ನು ಒಂದು ಹೀಟ್‌ಗೆ ಹಾಕಿ, ಉಳಿದೊಬ್ಬನನ್ನು ಒಂಟಿಯಾಗಿ ಈಜಿಸುವಂತಿಲ್ಲ. ಪ್ರತಿ ಹೀಟ್‌ಗೂ ಕನಿಷ್ಠ ಮೂವರ ಹೆಸರು ಹಂಚಬೇಕೆಂಬುದು ಅಂತಾರಾಷ್ಟ್ರೀಯ ನಿಯಮಾವಳಿಯಿಂದ ಬಂದ ಪದ್ಧತಿ. ಹಾಗಾಗಿ ನಾಲ್ವರದೊಂದು, ಮೂವರದೊಂದು ಹೀಟ್ ಆಗುತ್ತದೆ. ಏಳರಲ್ಲೊಬ್ಬನಿಗೆ ಗುರುವಾರವೇ ಜ್ವರ ಬಂದಿದೆ. ಶುಕ್ರವಾರ ಹೀಟ್ ಶೀಟ್ ತಯಾರಾಗುವ ಮೊದಲು ಆ ಸುದ್ದಿ ತಲುಪಿದರೆ ಆರು ಲೇನಿಗೆ ಆರು ಹುಡುಗರು, ಒಂದೇ ಹೀಟ್‌ನಲ್ಲಿ ಕೆಲಸ ಮುಗಿಯಿತು. ತಲುಪದಿದ್ದರೆ ಭಾನುವಾರ ಮೈಕಿನಲ್ಲಿ ಅವನ ಹೆಸರನ್ನು ಕೂಗಿ ಕೂಗಿ ಸಾಕಾಗಿ, ಕೊನೆಗೆ ಎರಡು ಹೀಟ್‌ಗಳನ್ನೂ ಖಾಲಿ ಲೇನ್‌ಗಳೊಂದಿಗೆ ಓಡಿಸಬೇಕು. ಸೀಟಿ, ಈಜು, ಕೊಳ ಖಾಲಿ ಮಾಡಿಸುವುದು ಸೇರಿ ಆ ವಯಸ್ಸಿನ ಮಕ್ಕಳ ಒಂದು ಹೀಟ್‌ಗೆ ಮೂರು ನಿಮಿಷವಾದರೂ ಬೇಕು. ಹತ್ತು ಸ್ಪರ್ಧೆಗಳಲ್ಲಿ ಹೀಗಾದರೆ ಅರ್ಧ ಗಂಟೆ ಹೋಯಿತು. ಏಪ್ರಿಲ್–ಮೇ ತಿಂಗಳ ಬೆಂಗಳೂರಿನಲ್ಲಿ ಈ ಅರ್ಧ ಗಂಟೆ ಸಣ್ಣದಲ್ಲ. ಮಧ್ಯಾಹ್ನ ಮೂರು ದಾಟಿದ ಮೇಲೆ ಗುಡುಗಿತೆಂದರೆ ತೆರೆದ ಕೊಳದಿಂದ ಎಲ್ಲರನ್ನೂ ಹೊರಗೆ ಕಳಿಸಬೇಕು. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಾಯಬೇಕೆಂಬುದು ಎಲ್ಲೆಡೆ ಒಪ್ಪಿತವಾದ ಎಚ್ಚರಿಕೆ. ಆಗ ಹೊಡೆತ ಬೀಳುವುದು ಸಾಮಾನ್ಯವಾಗಿ ಕಡೆಗೆ ಇಟ್ಟುಕೊಂಡ ರಿಲೇಗಳಿಗೆ.

ಜ್ವರ ಬಂದ ಹುಡುಗನ ಮನೆಯವರು ಗುರುವಾರವೇ ಯಾಕೆ ತಿಳಿಸಲಿಲ್ಲ? ತಿಳಿಸಿದರೂ ದುಡ್ಡು ಬರುವುದಿಲ್ಲ, ತಿಳಿಸದಿದ್ದರೂ ಬರುವುದಿಲ್ಲ. ಭಾನುವಾರದ ಹೊತ್ತಿಗೆ ಜ್ವರ ಇಳಿದರೂ ಇಳಿಯಬಹುದು, ಹೆಸರು ಇದ್ದರೆ ಇರಲಿ. ಅವರ ಕಡೆಯಿಂದ ಇದು ಸರಿಯಾದ ಲೆಕ್ಕವೇ. ಇನ್ನೂ ಕೆಟ್ಟದ್ದೆಂದರೆ, ಕಟ್ಟಿದ ದುಡ್ಡು ದಂಡವಾಗಬಾರದೆಂದು ಪೂರ್ತಿ ಚೇತರಿಸಿಕೊಳ್ಳದ ಮಗುವನ್ನು ಎಲ್ಲರೂ ಇಳಿಯುವ ನೀರಿಗೇ ಇಳಿಸುವುದು. ದೊಡ್ಡ ಕೂಟಗಳು ಈ ತೊಡಕನ್ನು ದಂಡ ಹಾಕಿ ಬಿಡಿಸಿಕೊಂಡಿವೆ. ಸೆಮಿಫೈನಲ್‌ಗೋ ಫೈನಲ್‌ಗೋ ಅರ್ಹತೆ ಪಡೆದವರು ಹಿಂದೆ ಸರಿಯುವುದಾದರೆ ಅರ್ಧ ಗಂಟೆಯೊಳಗೆ ತಿಳಿಸಬೇಕು, ತಪ್ಪಿದರೆ ಅವರ ದೇಶದ ಸಂಸ್ಥೆ ನೂರು ಸ್ವಿಸ್ ಫ್ರಾಂಕ್ ತೆರಬೇಕು ಎಂದು ಅಂತಾರಾಷ್ಟ್ರೀಯ ಈಜು ಒಕ್ಕೂಟವಾದ ಫಿನಾದ ನಿಯಮಾವಳಿ ಹೇಳುತ್ತಿತ್ತು. ಜಕ್ಕೂರಿನ ಮೀಟ್‌ನಲ್ಲಿ ಪಕ್ಕದ ಬ್ಲಾಕಿನವರಿಗೆ ದಂಡ ಹಾಕಲು ಯಾರಿಗೆ ಬಾಯಿ ಬಂದೀತು? ದಂಡ ಹಾಕಲಾಗದವರಿಗೆ ಉಳಿದಿರುವ ದಾರಿ ಮರುಪಾವತಿ. ಅದನ್ನು ದಯೆ ದಾಕ್ಷಿಣ್ಯದ ಖಾತೆಗೆ ಬರೆಯಬೇಕಾಗಿಲ್ಲ. ವೇಳೆಗೆ ಸರಿಯಾಗಿ ಸುದ್ದಿ ಕೊಟ್ಟವರಿಗೆ ಸಲ್ಲುವ ಬೆಲೆ ಅದು.

ಇದಕ್ಕೆ ಆಯೋಜಕರ ಮೊದಲ ಉತ್ತರ ಗೊತ್ತಿರುವುದೇ: ಕೊಳದ ಬಾಡಿಗೆ, ಆಂಬುಲೆನ್ಸ್, ಪದಕ ಎಲ್ಲದಕ್ಕೂ ಮೊದಲೇ ದುಡ್ಡು ಹೋಗಿರುತ್ತದೆ, ಒಬ್ಬ ಬರದಿದ್ದರೆ ಯಾವುದೂ ಕಡಿಮೆಯಾಗುವುದಿಲ್ಲ. ನಿಜ. ಆದರೆ ಈ ಖರ್ಚುಗಳೆಲ್ಲ ಒಂದೇ ದಿನ ಆಗುವುದಿಲ್ಲ. ಪ್ರವೇಶದ ಕಡೆಯ ದಿನಕ್ಕೆ ಮುಂಚೆ ತಿಂಡಿ, ಟೀ ಶರ್ಟ್, ಪ್ರಮಾಣಪತ್ರಗಳ ಸಂಖ್ಯೆ ಕೂಡ ತೀರ್ಮಾನವಾಗಿರುವುದಿಲ್ಲ. ಆಗ ಹಿಂದೆ ಸರಿದವರಿಂದ ಬಾಡಿಗೆಯ ಪಾಲಿನಷ್ಟು ಮುರಿದುಕೊಂಡು ಉಳಿದದ್ದನ್ನು ಕೊಟ್ಟರೆ ಯಾರ ಕೈಯೂ ಸುಡುವುದಿಲ್ಲ. ರೈಲ್ವೆ ಟಿಕೆಟಿನಿಂದ ಈ ಪದ್ಧತಿ ನಮಗೆ ಪರಿಚಿತವೇ. 2015ರ ನವೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಖಾತರಿಯಾದ ಟಿಕೆಟನ್ನು ರೈಲು ಹೊರಡುವ 48 ಗಂಟೆಗೂ ಮೊದಲು ರದ್ದು ಮಾಡಿದರೆ ಒಂದು ನಿಗದಿತ ಮೊತ್ತ, 12 ಗಂಟೆಯವರೆಗೆ ಶೇ 25, ನಾಲ್ಕು ಗಂಟೆಯವರೆಗೆ ಶೇ 50 ಕಡಿತವಾಗುತ್ತಿತ್ತು. ಆಮೇಲೆ ಏನೂ ಸಿಗುತ್ತಿರಲಿಲ್ಲ. ಸುಮ್ಮನೆ ಲೇನ್ ಹಿಡಿದಿಟ್ಟು ಆಮೇಲೆ ಬಿಡುವವರು ಹೆಚ್ಚುತ್ತಾರೆಂಬ ಭಯಕ್ಕೂ ಈ ಕಡಿತವೇ ಮದ್ದು.

ಎರಡನೆಯದು ಶ್ರಮದ ಮಾತು. ಇರುವವನೊಬ್ಬ ಖಜಾಂಚಿ, ಅವನಿಗೂ ಸೋಮವಾರ ಆಫೀಸು, ಹತ್ತಾರು ಜನಕ್ಕೆ ಎಂದು ದುಡ್ಡು ಕಳಿಸುತ್ತಾ ಕೂರುತ್ತಾನೆ? ಚೆಕ್ ಬರೆಯುವ ಕಾಲದಲ್ಲಿ ಈ ಮಾತಿಗೆ ತೂಕವಿತ್ತು. ಈಗ ದುಡ್ಡು ಬಂದ ಯುಪಿಐ ದಾರಿಯಲ್ಲೇ ವಾಪಸ್ ಹೋಗುತ್ತದೆ. ಪೇಮೆಂಟ್ ಗೇಟ್‌ವೇ ಬಳಸಿದ್ದರೆ ಅದರ ಶುಲ್ಕವನ್ನು ಹಿಡಿದುಕೊಂಡರಾಯಿತು. ದಿನಕ್ಕೊಬ್ಬರಿಗೆ ಕಳಿಸುವ ಬದಲು ಮೀಟ್ ಮುಗಿದ ವಾರದಲ್ಲಿ ಒಂದು ಸಂಜೆ ಕೂತು ಎಲ್ಲರದನ್ನೂ ತೀರಿಸಬಹುದು. ನಿಜಕ್ಕೂ ಶ್ರಮ ತಿನ್ನುವುದು ಹಲವರು ಉದಾರವೆಂದು ತಿಳಿದಿರುವ ಇನ್ನೊಂದು ನಿಯಮ: ಡಾಕ್ಟರ ಸರ್ಟಿಫಿಕೇಟ್ ತಂದರೆ ಮಾತ್ರ ವಾಪಸ್. ಯಾರ ಮಗುವಿನ ಜ್ವರ ನಿಜ, ಯಾರದು ಮದುವೆ ಮನೆಯ ಜ್ವರ ಎಂದು ನೆರೆಹೊರೆಯವರೇ ತೀರ್ಪು ಕೊಡಬೇಕಾದಾಗ ಮನಸ್ತಾಪ ಖಂಡಿತ. ಕಾರಣ ಕೇಳದೆ ತಾರೀಖು ಮಾತ್ರ ನೋಡುವ ನಿಯಮದಲ್ಲಿ ಈ ಪಂಚಾಯಿತಿಯೇ ಇಲ್ಲ. ಹೀಟ್ ಶೀಟ್ ಹೊರಬಿದ್ದ ಮೇಲೆ ನಿಜವಾಗಿ ಕಾಯಿಲೆ ಬಿದ್ದವರಿಗೆ ಇದರಿಂದ ನಷ್ಟವಾಗುತ್ತದೆ, ಒಪ್ಪುತ್ತೇನೆ. ಆದರೆ ಅಷ್ಟು ತಡವಾದ ಮೇಲೆ ಅವರ ಲೇನನ್ನು ಬೇರೆಯವರಿಗೆ ಕೊಡಲು ಆಯೋಜಕರಿಗೂ ಆಗದು.

ಮೀಟೇ ರದ್ದಾದರೆ ಮಾತು ಬೇರೆ. ಅದು ಊಹೆಯ ಪ್ರಶ್ನೆಯೂ ಅಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಡಾಯಿಸಿದಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ ₹5,000 ದಂಡ ಎಂದಿತು. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಮುಚ್ಚಿದ ಕೊಳಗಳು, ತರಬೇತಿಯ ಕ್ರೀಡಾಪಟುಗಳಿಗೆ ಕೂಡ, ತೆರೆಯಲು ಅನುಮತಿ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ಇಂಥ ವೇಳೆ ತಪ್ಪು ಯಾರದೂ ಅಲ್ಲದಿದ್ದರೂ ಈಜದವರ ದುಡ್ಡು ಆಯೋಜಕರ ಕೈಯಲ್ಲಿರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 56ರಂತೆ ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತ. ಸೆಕ್ಷನ್ 65ರಂತೆ ಅದರಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕು. ನಾಲ್ಕು ನೂರು ರೂಪಾಯಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಆದರೆ ನ್ಯಾಯ ಯಾವ ಕಡೆಗಿದೆ ಎಂಬುದು ಸ್ಪಷ್ಟ. ಕೊಳದ ಮುಂಗಡ ಮುಳುಗಿಹೋಗಿದ್ದರೆ ಅದರ ರಸೀದಿಯನ್ನು ಗುಂಪಿಗೆ ಹಾಕಿ, ಉಳಿದದ್ದನ್ನು ಹಂಚುತ್ತೇವೆ, ಒಪ್ಪಿಗೆಯೇ ಎಂದು ಕೇಳಲಿ. ಬಹುಪಾಲು ಪಾಲಕರು ಒಪ್ಪುತ್ತಾರೆ. ಕೆಲವರು ಪೂರ್ತಿ ಬಿಟ್ಟುಕೊಟ್ಟಾರು. ಆದರೆ ಒಳ್ಳೆಯ ಕೆಲಸಕ್ಕೆ ದೇಣಿಗೆ ಅಂದುಕೊಳ್ಳಿ ಎಂದು ಆಯೋಜಕರೇ ತೀರ್ಮಾನಿಸುವುದು ಸರಿಯಲ್ಲ. ದೇಣಿಗೆ ಕೊಡುವವರ ಇಷ್ಟ.

ಆದ್ದರಿಂದ ಈ ಬೇಸಿಗೆಯ ಪೋಸ್ಟರಿನಲ್ಲಿ ಆ ಸಾಲಿನ ಜಾಗಕ್ಕೆ ಮೂರು ಸಾಲು ಬರಲಿ. ಪ್ರವೇಶದ ಕಡೆಯ ದಿನದೊಳಗೆ ತಿಳಿಸಿದರೆ ಮುಕ್ಕಾಲು ಪಾಲು ವಾಪಸ್. ಅಲ್ಲಿಂದ ಹೀಟ್ ಶೀಟ್ ಹೊರಡುವವರೆಗೆ ಅರ್ಧ, ಆಮೇಲೆ ಇಲ್ಲ. ಮೀಟ್ ನಾವೇ ರದ್ದು ಮಾಡಿದರೆ ಲೆಕ್ಕ ತೋರಿಸಿ ಉಳಿದದ್ದೆಲ್ಲ ವಾಪಸ್. ಕೆಳಗೊಂದು ಫೋನ್ ನಂಬರ್ ಕೊಟ್ಟು, ಹೀಟ್ ಶೀಟ್ ಯಾವ ದಿನ ಎಷ್ಟು ಗಂಟೆಗೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಒಂದು ಸೀಸನ್ ಹೀಗೆ ನಡೆಸಿ, ಹೆಸರು ಕೂಗಿದಾಗ ಬಾರದವರ ಸಂಖ್ಯೆಯನ್ನು ಕಳೆದ ವರ್ಷದ ಹೀಟ್ ಶೀಟ್‌ಗಳ ಜೊತೆ ಹೋಲಿಸಿ ನೋಡಲಿ. ಕೊಟ್ಟ ದುಡ್ಡಿಗಿಂತ ಉಳಿದ ಹೊತ್ತು ಕಡಿಮೆ ಬೆಲೆಯದ್ದೆಂದು ಕಂಡರೆ ಹಳೆಯ ಸಾಲನ್ನು ಮತ್ತೆ ಹಾಕಿಕೊಳ್ಳಲು ಅಡ್ಡಿಯೇನಿಲ್ಲ.