ಪುಸ್ತಕದಿಂದ ಕೋಟಿಗೆ: ಕಿರುತೆರೆಯ ಪ್ರಶ್ನೆಗಳೂ ಗಡಿನಾಡಿನ ಕನ್ನಡವೂ

ಪ್ರಶ್ನೆ ಕೇಳುವುದೂ ಉತ್ತರ ಹೇಳುವುದೂ ನಮ್ಮ ಜನಕ್ಕೆ ಹೊಸತಲ್ಲ. ಹೊಲದ ಬದುವಿನಲ್ಲಿ ಒಗಟು, ಮದುವೆಯ ಹಂದರದಲ್ಲಿ ಒಡಪು, ರಾತ್ರಿ ಅಂಗಳದಲ್ಲಿ ಅಜ್ಜಿಯರ ಜಾಣ್ಮೆಯ ಕಥೆ ಇವೆಲ್ಲ ಬುದ್ಧಿಯ ಆಟಗಳೇ ಆಗಿದ್ದವು. ಗೆದ್ದವರಿಗೆ ದೊರೆಯುತ್ತಿದ್ದುದು ಒಂದು ನಗು. ಸೋತವರಿಗೆ ದೊರೆಯುತ್ತಿದ್ದುದೂ ಅದೇ ನಗು. ಈ ಆಟ ಅಂಗಳವನ್ನು ಬಿಟ್ಟು ಕಿರುತೆರೆಯನ್ನು ಏರಿದ ಮೇಲೆ ಏನಾಯಿತು? ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಕನ್ನಡ ಮನೆಗಳಿಗೆ ಅದರಿಂದ ದೊರೆತದ್ದೇನು, ದೊರೆಯದೆ ಉಳಿದದ್ದೇನು? ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆಲೆಯನ್ನು ನೆನಪಿಸಿಕೊಳ್ಳೋಣ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ್ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮೆದಕ್ ಜಿಲ್ಲೆಗೂ, ಕಲಬುರಗಿ ಜಿಲ್ಲೆಯ ತಾಂಡೂರು ಹೈದರಾಬಾದ್ ಜಿಲ್ಲೆಗೂ ಸೇರಿದವು. ರಾಜ್ಯ ಬದಲಾಯಿತು, ಅಡುಗೆಮನೆಯ ಮಾತು ಬದಲಾಗಲಿಲ್ಲ. ಆದರೆ ಶಾಲೆಯ ಕರಿಹಲಗೆ, ಕಚೇರಿಯ ಅರ್ಜಿ, ಬಸ್ಸಿನ ಬೋರ್ಡು ಬೇರೆ ಲಿಪಿಗೆ ತಿರುಗಿದವು. ಇಂದು ನಮ್ಮ ಅನೇಕ ಮಕ್ಕಳು ಕನ್ನಡವನ್ನು ಕೇಳಬಲ್ಲರು, ಆಡಬಲ್ಲರು, ಓದಲಾರರು. ಇಂಥ ಮನೆಗಳಲ್ಲಿ ಕನ್ನಡದ ಅಕ್ಷರ ದಿನಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುವ ಸ್ಥಳ ದೂರದರ್ಶನದ ಪರದೆ. ಆದ್ದರಿಂದ ಅದರ ಆಟಗಳು ನಮ್ಮ ಪಾಲಿಗೆ ಬರಿಯ ಹೊತ್ತುಗಳೆಯುವ ಸಾಧನವಲ್ಲ.

ದೂರದರ್ಶನದಲ್ಲಿ 1985ರಲ್ಲಿ ಸಿದ್ಧಾರ್ಥ ಬಸು ಅವರು ನಡೆಸಿದ ‘ಕ್ವಿಜ್ ಟೈಮ್’ ರಸಪ್ರಶ್ನೆಗೆ ದೇಶವ್ಯಾಪಿ ಮನ್ನಣೆ ತಂದಿತು. ಅದರ ಭಾಷೆ ಇಂಗ್ಲಿಷು. ಸ್ಪರ್ಧಿಗಳು ಕಾಲೇಜು ವಿದ್ಯಾರ್ಥಿಗಳು. ಹಳ್ಳಿಯ ಹುಡುಗನು ಅದನ್ನು ದೂರದಿಂದಲೇ ನೋಡಿ ಬೆರಗಾಗಬೇಕಿತ್ತು. ಕನ್ನಡದ ಹುಡುಗನನ್ನು ಹತ್ತಿರಕ್ಕೆ ಕರೆದದ್ದು 2002ರಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’. ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ಅವರು ಸಾವಿರಾರು ಕಂತುಗಳಲ್ಲಿ ಪ್ರಶ್ನೆ ಕೇಳುತ್ತ ಬಂದಿದ್ದಾರೆ. ಅಲ್ಲಿ ಕಣ್ಣು ಕೋರೈಸುವ ಬೆಳಕಿಲ್ಲ, ಎದೆ ನಡುಗಿಸುವ ವಾದ್ಯಘೋಷವಿಲ್ಲ. ಸರಿಯುತ್ತರಕ್ಕೆ ದೊರೆಯುವುದು ಒಂದು ಕನ್ನಡ ಪುಸ್ತಕ. ಪುಸ್ತಕದ ಹೆಸರನ್ನು ಹೇಳಿ ಕೊಡುವ ಈ ಪದ್ಧತಿಯಿಂದ ಸ್ಪರ್ಧಿಯೊಬ್ಬನು ಗೆದ್ದರೆ ನೋಡುವ ಮನೆಯವರೆಲ್ಲರಿಗೂ ಒಂದು ಗ್ರಂಥದ ಪರಿಚಯವಾಗುತ್ತದೆ. ಬಹುಮಾನವೇ ಮುಂದಿನ ಪಾಠವಾಗುವ ಈ ಯೋಜನೆಯನ್ನು ನಾವು ಉಪಾಧ್ಯಾಯ ವೃತ್ತಿಯ ಕಣ್ಣಿನಿಂದ ಬಹಳ ದೊಡ್ಡದೆಂದು ಭಾವಿಸುತ್ತೇವೆ.

ಇನ್ನೊಂದು ಧಾರೆ ಹೊರಗಿನಿಂದ ಬಂದದ್ದು. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಆಟವೊಂದು 2000ದಲ್ಲಿ ಅಮಿತಾಭ್ ಬಚ್ಚನ್ ಅವರ ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ ಹಿಂದಿಗೆ ಬಂದಿತು. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ಯಾಗಿ ಕನ್ನಡಕ್ಕೂ, 2014ರಲ್ಲಿ ನಾಗಾರ್ಜುನ ಅವರ ‘ಮೀಲೋ ಎವರು ಕೋಟೀಶ್ವರುಡು’ವಾಗಿ ತೆಲುಗಿಗೂ ಇಳಿಯಿತು. ಎರಡೂ ಭಾಷೆಯ ವಾಹಿನಿಗಳನ್ನು ನೋಡುವ ನಮ್ಮ ಗಡಿಯ ಮನೆಗಳಿಗೆ ಒಂದು ಸಂಗತಿ ಬೇಗ ಹೊಳೆಯಿತು: ಅದೇ ಕುರ್ಚಿ, ಅದೇ ಬೆಳಕು, ಅದೇ ಸಂಗೀತ, ಬದಲಾದದ್ದು ಪ್ರಶ್ನೆಯ ಭಾಷೆ ಮಾತ್ರ. ಅಚ್ಚು ಕೊಂಡು ತಂದದ್ದು. ಅದರಲ್ಲಿ ಹೊಯ್ದ ಬೆಲ್ಲವಷ್ಟೇ ಊರಿನದು.

ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಹಿತ್ತಾಳೆ ಎಂದು ನಾವು ಹೇಳುತ್ತಿಲ್ಲ. ಕೋಟ್ಯಧಿಪತಿಯ ವೇದಿಕೆಗೆ ಸಾಮಾನ್ಯ ಮನೆಗಳ ಜನರು ಬಂದರು. ತಮ್ಮ ಸಾಲ, ಸಂಸಾರ, ಕನಸುಗಳನ್ನು ಕನ್ನಡದಲ್ಲಿ ನಾಡಿನ ಮುಂದೆ ಹೇಳಿಕೊಂಡರು. ಪುನೀತ್ ಅವರು ತೋರಿದ ವಿನಯ, ಎದುರಿಗೆ ಕುಳಿತವರ ಮಾತಿಗೆ ಕೊಟ್ಟ ಗಮನ, 2021ರ ಅಕ್ಟೋಬರಿನಲ್ಲಿ ಅವರು ಅಗಲಿದಾಗ ಎಲ್ಲರ ನೆನಪಿಗೆ ಬಂದವು. ಆದರೂ ಆಟದ ರಚನೆಯನ್ನು ಬೇರೆಯಾಗಿಯೇ ತೂಗಬೇಕು. ಅಲ್ಲಿ ಉತ್ತರವು ನಾಲ್ಕು ಆಯ್ಕೆಗಳಲ್ಲಿ ಮೊದಲೇ ಪರದೆಯ ಮೇಲಿದೆ. ‘ಬಿಟ್ಟ ಸ್ಥಳ ತುಂಬಿರಿ’ ಎಂಬುದಕ್ಕೂ ‘ಸರಿಯಾದುದನ್ನು ಆರಿಸಿರಿ’ ಎಂಬುದಕ್ಕೂ ಇರುವ ಅಂತರವನ್ನು ಉತ್ತರಪತ್ರಿಕೆ ತಿದ್ದಿದ ಎಲ್ಲರೂ ಬಲ್ಲರು. ಮೊದಲನೆಯದಕ್ಕೆ ನೆನಪು ಬೇಕು. ಎರಡನೆಯದಕ್ಕೆ ಕೆಲವೊಮ್ಮೆ ಧೈರ್ಯವೊಂದೇ ಸಾಕು. ಮೇಲಾಗಿ ಉತ್ತರವನ್ನು ‘ಲಾಕ್’ ಮಾಡಿದ ಮೇಲೆ ಕಾಯಿಸುವ ಕ್ಷಣಗಳಲ್ಲಿ ನಮ್ಮ ಮನಸ್ಸು ಹಣದ ಮೇಲಿರುತ್ತದೆಯೇ ಹೊರತು ವಿಷಯದ ಮೇಲಲ್ಲ. ಮರುದಿನ ಕಟ್ಟೆಯ ಮೇಲೆ ಅವನು ಎಷ್ಟು ಗೆದ್ದನೆಂಬ ಮಾತು ನಡೆಯುತ್ತದೆ. ಅವನನ್ನು ಏನು ಕೇಳಿದರೆಂಬುದು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಮುಂದಿನ ಹೆಜ್ಜೆಯಲ್ಲಿ ಪ್ರಶ್ನೆಯೇ ಮಾಯವಾಯಿತು. ಒಂದು ನಿಮಿಷದಲ್ಲಿ ಲೋಟ, ಚೆಂಡುಗಳ ಚಮತ್ಕಾರ ತೋರಿಸುವ ಆಟಗಳು ಬಂದವು. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ‘ಬಿಗ್ ಬ್ರದರ್’ ಕನ್ನಡದಲ್ಲಿ 2013ರಲ್ಲಿ ಸುದೀಪ್ ಅವರ ನಿರೂಪಣೆಯ ‘ಬಿಗ್ ಬಾಸ್’ ಆಯಿತು. ಇಲ್ಲಿ ಏನು ಬಲ್ಲೆ ಎಂದು ಯಾರೂ ಕೇಳುವುದಿಲ್ಲ; ಯಾರೊಡನೆ ಜಗಳವಾಡಿದೆ ಎಂಬುದೇ ಮುಖ್ಯ. ಮನುಷ್ಯಸ್ವಭಾವದ ಅಧ್ಯಯನವೆಂದು ಇದನ್ನು ಸಮರ್ಥಿಸುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಕನ್ನಡವನ್ನು ಕೇಳಿಯೇ ಕಲಿಯಬೇಕಾದ ನಮ್ಮ ಮಗುವಿಗೆ ಕೋಪದ ಕನ್ನಡವಷ್ಟೇ ಕಿವಿಗೆ ಬಿದ್ದರೆ, ಅದು ಆ ಭಾಷೆಯಲ್ಲಿ ಆಲೋಚಿಸುವುದನ್ನು ಎಲ್ಲಿ ಕಲಿಯಬೇಕು?

ಹೊಸ ಆಟಗಳಿಗಷ್ಟೇ ಅನ್ವಯಿಸದ, ನಾವು ಮೆಚ್ಚುವ ಹಳೆಯ ಆಟಕ್ಕೂ ಸಲ್ಲುವ ಒಂದು ಕೊರತೆಯಿದೆ. ಬೆಂಗಳೂರಿನಲ್ಲಿ ಕುಳಿತು ರಚಿಸಿದ ಪ್ರಶ್ನೆಗೆ ನಮ್ಮ ನೆಲ ಸುಲಭವಾಗಿ ಕಾಣುವುದಿಲ್ಲ. 1956ರಲ್ಲಿ ಜಹೀರಾಬಾದ್ ತಾಲ್ಲೂಕಿನ ಯಾವ ಸರ್ಕಲ್ ಮಾತ್ರ ಬೀದರಿನಲ್ಲಿ ಉಳಿಯಿತು? ನಿರ್ಣಾ. ತಾಂಡೂರಿನ ಯಾವ ಬೆಳೆಗೆ 2022ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು? ತೊಗರಿ. ಕೇತಕಿ ಸಂಗಮೇಶ್ವರನ ಕ್ಷೇತ್ರ ಯಾವುದು? ಝರಾಸಂಗಮ. ಜಹೀರಾಬಾದ್ ಸಮೀಪದ ಮಾಚನೂರಿನಲ್ಲಿ 2008ರಿಂದ ದಲಿತ ಮಹಿಳೆಯರು ನಡೆಸುತ್ತಿರುವ ಸಮುದಾಯ ಬಾನುಲಿ ಯಾವುದು? ಸಂಗಂ ರೇಡಿಯೋ. ಇವುಗಳಿಗೆ ಉತ್ತರ ಗೊತ್ತಿರುವ ಮಗು ನಮ್ಮಲ್ಲಿಯೇ ಇದೆ. ಅದನ್ನು ಕನ್ನಡದಲ್ಲಿ ಕೇಳುವವರು ಇಲ್ಲ. ತನ್ನ ಊರು ಪ್ರಶ್ನೆಯಾಗಿ ಬಂದಾಗಲೇ ಮಗುವಿಗೆ ಆ ಭಾಷೆ ತನ್ನದೆನ್ನಿಸುತ್ತದೆ.

ಮಾಚನೂರಿನ ಹೆಣ್ಣುಮಕ್ಕಳು ತಮ್ಮ ಮಾತಿಗೆ ಯಾವ ದೊಡ್ಡ ವಾಹಿನಿಯನ್ನೂ ಕಾಯಲಿಲ್ಲ. ನಾವೂ ಕಾಯಬೇಕಾಗಿಲ್ಲ. ಪ್ರತಿ ಸಮ್ಮೇಳನದಲ್ಲಿ, ಪ್ರತಿ ರಾಜ್ಯೋತ್ಸವದಲ್ಲಿ ಒಂದು ಗಂಟೆಯನ್ನು ರಸಪ್ರಶ್ನೆಗೆ ಮೀಸಲಿಡೋಣ. ಪ್ರಶ್ನೆಗಳಲ್ಲಿ ಅರ್ಧದಷ್ಟಾದರೂ ಈ ಮೂರು ತಾಲ್ಲೂಕುಗಳ ನೆಲ, ಬೆಳೆ, ಜಾತ್ರೆ, ಇತಿಹಾಸದವಾಗಿರಲಿ. ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆದು, ಸ್ಪರ್ಧಿಯಿಂದಲೇ ಓದಿಸೋಣ. ಓದಲು ತಡವರಿಸುವ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ನಿಲ್ಲಲಿ. ಬಹುಮಾನವಾಗಿ ಸ್ಟೀಲಿನ ಡಬ್ಬಿಯ ಬದಲು ಒಂದು ಕನ್ನಡ ಪುಸ್ತಕ ಸಾಕು.

ಕೋಟಿ ಕೊಡುವ ಶಕ್ತಿ ನಮ್ಮ ಸಂಘಕ್ಕಿಲ್ಲ, ಬೇಕಾಗಿಯೂ ಇಲ್ಲ. ಪುಸ್ತಕ ಗೆದ್ದ ಮಗುವು ಅದನ್ನು ಮನೆಗೆ ಒಯ್ದು ಓದಲು ಬಾರದೆ ಅಜ್ಜನ ಕೈಗಿತ್ತು, ‘ತಾತಾ, ಇದರಾಗ ಏನೈತಿ?’ ಎಂದು ಕೇಳಿದರೆ, ಅಂಗಳವನ್ನು ಬಿಟ್ಟುಹೋದ ಪ್ರಶ್ನೆ ಮತ್ತೆ ಅಂಗಳಕ್ಕೆ ಬಂದಂತೆಯೇ ಸರಿ.